ಘಟ್ಟದ ಮೇಲಿನೋರಿಗೆ ಮೊದಲನೇ ಸರ್ಫ್‌ಬೋರ್ಡ್: ಯಾವುದು ತಗೋಬೇಕು, ಯಾವುದು ಸದ್ಯಕ್ಕೆ ಬೇಡ

ಹಾಸನ, ಚಿಕ್ಕಮಗಳೂರು ಕಡೆ ಇದ್ಕೊಂಡು ಸರ್ಫ್‌ಬೋರ್ಡ್ ತಗೋಬೇಕು ಅಂತಿರೋರು ಫೋಟೋ, ಬಣ್ಣ, ಬ್ರ್ಯಾಂಡ್ ನೋಡೋಕೆ ಮುಂಚೆ ಒಂದು ಲೆಕ್ಕ ಹಾಕಿ, ವರ್ಷಕ್ಕೆ ಎಷ್ಟು ಗಂಟೆ ನಿಜವಾಗ್ಲೂ ಸಮುದ್ರದ ನೀರಲ್ಲಿ ಇರ್ತೀರ ಅಂತ. ಕಡಲ ಪಕ್ಕದ ಹುಡುಗರು ಬೆಳಿಗ್ಗೆ ಎದ್ದು ಸ್ಕೂಲಿಗೆ ಹೋಗೋಕೆ ಮುಂಚೆನೇ ಒಂದು ರೌಂಡ್ ನೀರಿಗಿಳಿದು ಬರಬಹುದು, ನಮಗೆ ಹಂಗಲ್ಲ, ಶಿರಾಡಿನೋ ಚಾರ್ಮಾಡಿನೋ ಇಳಿಬೇಕು, ಶನಿವಾರ ಭಾನುವಾರ ಎರಡೂ ಖಾಲಿ ಸಿಗ್ಬೇಕು, ತೋಟದಲ್ಲಿ ಕೊಯ್ಲು ಇರಬಾರ್ದು, ನೆಂಟರ ಮನೇಲಿ ಮದುವೆ ಇರಬಾರ್ದು, ಇಷ್ಟೆಲ್ಲ ಕೂಡಿ ಬಂದು ಕೆಳಗೆ ಹೋದ್ರೆ ಅವತ್ತು ಅಲ್ಲಿ ಅಲೆನೂ ಇರ್ಬೇಕು. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್, ಅಲ್ಲಿಂದ ಸರ್ಫಿಂಗ್ ಕಲಿಸೋ ಊರು ಮೂಲ್ಕಿಗೆ ಇನ್ನೊಂದು 30. ಹಿಂಗೆ ಕಷ್ಟಪಟ್ಟು ಸಿಕ್ಕ ಎರಡು ಗಂಟೇಲಿ ಒಂದು ಅಲೆನೂ ಹಿಡಿಯೋಕೆ ಆಗ್ದೇ ವಾಪಸ್ ಬಂದ್ರೆ ಎಂಥವರಿಗೂ ಆಸೆ ಹೋಗ್ಬಿಡುತ್ತೆ. ಅದಕ್ಕೇ ನಾನು ಹೇಳೋದು, ನೀರಲ್ಲಿ ಸಿಗೋ ಟೈಮ್ ಕಮ್ಮಿ ಇದ್ದಷ್ಟೂ ಬೋರ್ಡ್ ದೊಡ್ಡದಿರ್ಬೇಕು, ದಪ್ಪ ಇರ್ಬೇಕು, ಅಗಲ ಇರ್ಬೇಕು.

ಉತ್ತರ ಮೊದಲೇ ಹೇಳ್ಬಿಡ್ತೀನಿ. 55ರಿಂದ 80 ಕೆಜಿ ಒಳಗಿನ ದೊಡ್ಡವರಿಗೆ 8 ಅಡಿ ಸಾಫ್ಟ್ ಟಾಪ್, ಅಂದ್ರೆ ಮೇಲೆ ಮೆತ್ತನೆ ಫೋಮಿನ ಹೊದಿಕೆ ಇರೋ ಬೋರ್ಡ್. 80 ದಾಟಿದ್ರೆ, ಇಲ್ಲಾ ಆರಡಿ ಆಳಾಗಿದ್ರೆ, 9 ಅಡಿ. ಬೇರೆ ಬೋರ್ಡುಗಳು ಯಾಕೆ ಬೇಡ, ಯಾರಿಗೆ ಯಾವಾಗ ಆಗುತ್ತೆ ಅನ್ನೋದೇ ಮುಂದಿನದ್ದೆಲ್ಲ.

ಅದಕ್ಕೂ ಮುಂಚೆ, ಒಂದೂ ಕ್ಲಾಸ್ ಮಾಡದೆ ಬೋರ್ಡ್ ತಗೋಬೇಡಿ ದಯವಿಟ್ಟು. ನಮ್ಮ ಪುಣ್ಯಕ್ಕೆ ದೇಶದಲ್ಲಿ ಸರ್ಫಿಂಗ್ ಬೇರು ಬಿಟ್ಟ ಮೊದಮೊದಲ ಊರುಗಳಲ್ಲಿ ಒಂದು ಇಲ್ಲೇ ಘಟ್ಟದ ಕೆಳಗಿದೆ. 2004ರಲ್ಲಿ ಮೂಲ್ಕಿಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯ್ತು, 2016ರಲ್ಲಿ ಪಕ್ಕದ ಸಸಿಹಿತ್ಲಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೀತು, ಸ್ಟ್ಯಾಂಡ್ ಅಪ್ ಪ್ಯಾಡಲ್‌ನಲ್ಲಿ, ಅಂದ್ರೆ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕೋ ಆಟದಲ್ಲಿ, ದೇಶದ ಚಾಂಪಿಯನ್ ಆದ ತನ್ವಿ ಜಗದೀಶ್ ಅಲ್ಲಿನವರೇ. ಆ ಸುತ್ತಮುತ್ತ ಈಗ ಕಲಿಸೋ ಶಾಲೆಗಳಿದಾವೆ, ಕ್ಲಾಸಿನ ಫೀಸಲ್ಲೇ ಬೋರ್ಡೂ ಸೇರಿರುತ್ತೆ. ಮೂರ್ನಾಲ್ಕು ಸಲ ಹೋಗಿ ಅವರ ಬೋರ್ಡಲ್ಲೇ ಕಲೀರಿ, ಒಂದಿನ 8 ಅಡಿದು ಕೇಳಿ, ಇನ್ನೊಂದಿನ 9 ಅಡಿದು ಕೇಳಿ, ಯಾವುದ್ರಲ್ಲಿ ಮಲ್ಕೊಂಡು ನೀರಲ್ಲಿ ಕೈ ಬೀಸಿ ಮುಂದೆ ಹೋಗೋದು ಸುಲಭ ಆಯ್ತು, ಯಾವುದ್ರಲ್ಲಿ ಎದ್ದು ನಿಂತ್ಕೊಂಡ್ರಿ ಅಂತ ಮೊಬೈಲಲ್ಲಿ ಬರೆದಿಟ್ಕೊಳ್ಳಿ. ಎಡಗಾಲು ಮುಂದೆ ಬರುತ್ತೋ ಬಲಗಾಲೋ ಅನ್ನೋದೂ ಅಲ್ಲೇ ಗೊತ್ತಾಗುತ್ತೆ, ಎಡಗಾಲು ಮುಂದಿದ್ರೆ ರೆಗ್ಯುಲರ್, ಬಲಗಾಲು ಮುಂದಿದ್ರೆ ಗೂಫಿ ಅಂತಾರೆ, ಎರಡರಲ್ಲಿ ಯಾವುದೂ ತಪ್ಪಲ್ಲ. ಎರಡು ತಿಂಗಳಿಗೊಂದ್ಸಲ ಮಾತ್ರ ಹೋಗೋಕಾಗೋದು ಅನ್ನೋರಿಗೆ ಸ್ವಂತ ಬೋರ್ಡಿನ ಅಗತ್ಯನೇ ಇಲ್ಲ, ಬಾಡಿಗೆದೇ ಸಾಕು, ಆ ದುಡ್ಡಲ್ಲಿ ಇನ್ನೂ ನಾಲ್ಕು ಸಲ ಹೋಗ್ಬಹುದು. ತಿಂಗಳಿಗೆ ಒಂದೆರಡು ಸಲ ಗ್ಯಾರಂಟಿ ಹೋಗ್ತೀನಿ ಅನ್ನೋರು ಮುಂದೆ ಓದಿ.

ಲೀಟರ್ ಲೆಕ್ಕ

ಬೋರ್ಡಿನ ಮೇಲೆ ಸಾಮಾನ್ಯವಾಗಿ ಉದ್ದ, ಅಗಲ, ದಪ್ಪ ಬರೆದಿರ್ತಾರೆ, ಉದ್ದ ಅಡಿ ಇಂಚಲ್ಲಿ, ಮಿಕ್ಕಿದ್ದೆರಡು ಇಂಚಲ್ಲಿ. ಅದರ ಪಕ್ಕದಲ್ಲಿ ಲೀಟರ್ ಅಂತ ಇನ್ನೊಂದು ಅಂಕೆ ಇರುತ್ತೆ, ಹೊಸಬರು ಎಲ್ಲಕ್ಕಿಂತ ಮೊದಲು ನೋಡ್ಬೇಕಾಗಿರೋದು ಅದನ್ನೇ. ಬೋರ್ಡ್ ಒಟ್ಟು ಎಷ್ಟು ಜಾಗ ತುಂಬುತ್ತೆ ಅನ್ನೋದು ಆ ಲೀಟರ್. ಒಂದು ಲೀಟರ್ ನೀರಿನ ಜಾಗ ಹಿಡಿಯೋ ವಸ್ತುವನ್ನ ನೀರು ಹೆಚ್ಚುಕಮ್ಮಿ ಒಂದು ಕೆಜಿ ಭಾರದಷ್ಟು ಮೇಲಕ್ಕೆ ತಳ್ಳುತ್ತೆ, ಉಪ್ಪುನೀರಲ್ಲಿ ಒಂಚೂರು ಜಾಸ್ತಿ. ಅಂದ್ರೆ 80 ಲೀಟರ್ ಬೋರ್ಡ್ ತನ್ನ ಭಾರ ಕಳೆದು 70 ಕೆಜಿ ಆಳನ್ನ ಆರಾಮಾಗಿ ಹೊರುತ್ತೆ, 30 ಲೀಟರಿನದ್ರ ಮೇಲೆ ಅದೇ ಆಳು ಮಲಗಿದ್ರೆ ಬೋರ್ಡ್ ನೀರೊಳಗೆ ಮುಳುಗಿರುತ್ತೆ, ಎದೆ ತನಕ ನೀರಲ್ಲಿ ಇದ್ಕೊಂಡು ಕೈ ಬೀಸ್ಬೇಕಾಗುತ್ತೆ.

ಹೊಸಬರಿಗೆ ನಾನು ಹೇಳೋ ಲೆಕ್ಕ ಸುಲಭ, ನಿಮ್ಮ ತೂಕ ಎಷ್ಟು ಕೆಜಿನೋ ಕಮ್ಮಿ ಅಂದ್ರೂ ಅಷ್ಟು ಲೀಟರ್ ಇರ್ಲಿ, ಹತ್ತು ಹದಿನೈದು ಜಾಸ್ತಿ ಇದ್ರೆ ಇನ್ನೂ ಒಳ್ಳೇದು. ಚೆನ್ನಾಗಿ ಪಳಗಿದೋರು ತಮ್ಮ ತೂಕದ ಅರ್ಧಕ್ಕಿಂತ ಕಮ್ಮಿ ಲೀಟರಲ್ಲಿ ಆಡ್ತಾರೆ, 70 ಕೆಜಿ ಇರೋನು 27-28 ಲೀಟರಿನ ಬೋರ್ಡ್ ಇಟ್ಕೊಂಡಿರ್ತಾನೆ, ಅವನ ತೋಳು, ಅವನ ವರ್ಷಗಟ್ಟಲೆ ಅಭ್ಯಾಸ ಬೇರೆ. ಸರ್ಫಿಂಗ್ ಅಂದ್ರೆ ವಿಡಿಯೋದಲ್ಲಿ ನಿಂತಿರೋದೇ ಕಾಣೋದು, ಆದ್ರೆ ನೀರಲ್ಲಿ ಇರೋ ಹೊತ್ತಲ್ಲಿ ಮುಕ್ಕಾಲು ಪಾಲು ಮಲ್ಕೊಂಡು ಕೈ ಬೀಸೋದು, ಕಾಯೋದು, ಮತ್ತೆ ಬೀಸೋದು, ನಿಂತ್ಕೊಳ್ಳೋದು ಕೆಲವೇ ಸೆಕೆಂಡು. ಅಲೆ ಬರ್ತಿರೋ ಸ್ಪೀಡಿಗೆ ಹತ್ತಿರ ನಮ್ಮ ಸ್ಪೀಡೂ ಬಂದ್ರೆ ಮಾತ್ರ ಅದು ಎತ್ಕೊಂಡು ಹೋಗುತ್ತೆ, ಇಲ್ಲಾಂದ್ರೆ ಕೆಳಗಿಂದ ಜಾರಿ ಮುಂದೆ ಹೋಗ್ಬಿಡುತ್ತೆ. ತೇಲೋ ಬೋರ್ಡ್ ಬೇಗ ಸ್ಪೀಡ್ ತಗೊಳ್ಳುತ್ತೆ, ಮುಳುಗೋ ಬೋರ್ಡ್ ತಗೊಳ್ಳಲ್ಲ. ಇಷ್ಟೇ ವಿಷಯ.

ಸಾಫ್ಟ್ ಟಾಪಾ, ಗಟ್ಟಿ ಬೋರ್ಡಾ

ಇದೇ ಮುಖ್ಯವಾದ ಆಯ್ಕೆ, ಅದಕ್ಕೆ ಇಲ್ಲಿ ಸ್ವಲ್ಪ ಉದ್ದ ಬರೀತೀನಿ.

ಸಾಫ್ಟ್ ಟಾಪ್ ಅಂದ್ರೆ ಒಳಗೆ ಥರ್ಮೋಕೋಲ್ ಜಾತಿಯ ಫೋಮ್, ಮಧ್ಯದಲ್ಲಿ ಉದ್ದಕ್ಕೆ ಮರದ ಅಥವಾ ಫೈಬರಿನ ಪಟ್ಟಿ, ಅದಕ್ಕೆ ಸ್ಟ್ರಿಂಗರ್ ಅಂತಾರೆ, ಮೇಲೆ ಮೆತ್ತನೆ ಫೋಮಿನ ಹೊದಿಕೆ, ಕೆಳಗೆ ನುಣುಪಾದ ಪ್ಲಾಸ್ಟಿಕ್ ಹಾಳೆ. ಗಟ್ಟಿ ಬೋರ್ಡಲ್ಲೂ ಒಳಗೆ ಫೋಮೇ, ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಸುತ್ತಿ ರೆಸಿನ್ ಅನ್ನೋ ಅಂಟು ಹಾಕಿ ಗಟ್ಟಿ ಚಿಪ್ಪು ಮಾಡಿರ್ತಾರೆ. ನೋಡೋಕೆ ಗಟ್ಟಿ ಬೋರ್ಡೇ ಚಂದ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಕಲಿಯೋ ಟೈಮಲ್ಲಿ ಬೋರ್ಡ್ ನಮ್ಮ ಕೈ ಮಾತು ಕೇಳಲ್ಲ. ಅಲೆ ಬಡಿದಾಗ ಅದು ಒಂದ್ಕಡೆ, ನಾವ್ ಒಂದ್ಕಡೆ, ಮಧ್ಯೆ ಲೀಶ್, ಅಂದ್ರೆ ಕಾಲಿಗೂ ಬೋರ್ಡಿಗೂ ಕಟ್ಟೋ ಹಗ್ಗ, ಎಳೆದು ವಾಪಸ್ ನಮ್ಮ ಕಡೆಗೇ ಬರುತ್ತೆ. ತಲೆಗೆ, ಮೂಗಿಗೆ, ಹಲ್ಲಿಗೆ ತಗಲೋದು ಹಿಂಗೇನೇ. ಗಟ್ಟಿ ಬೋರ್ಡಿನ ಚೂಪು ಮೂತಿ, ಹಿಂದೆ ಅಡೀಲಿ ರೆಕ್ಕೆ ತರ ಇರೋ ಗಟ್ಟಿ ಫಿನ್ನು ಎರಡೂ ಚರ್ಮ ಸೀಳೋ ಅಂಥವು. ಸಾಫ್ಟ್ ಟಾಪೂ ಜೋರಾಗಿ ತಗುಲಿದ್ರೆ ನೋವಾಗೋದು ನಿಜ, ಆದ್ರೆ ಹೊಲಿಗೆ ಹಾಕಿಸ್ಕೊಳ್ಳೋ ಸಾಧ್ಯತೆ ತುಂಬಾ ಕಮ್ಮಿ, ಅದರ ಫಿನ್ನೂ ಬಗ್ಗೋ ಪ್ಲಾಸ್ಟಿಕ್ಕೇ ಇರುತ್ತೆ. ನಮ್ಮ ಮೈಯಷ್ಟೇ ಅಲ್ಲ, ಭಾನುವಾರ ಪಣಂಬೂರಲ್ಲೋ ತಣ್ಣೀರುಬಾವಿಲೋ ನೋಡಿ, ದಡದ ಹತ್ರ ಮಕ್ಕಳು ಮರಿ ಹೆಂಗಸರು ಎಲ್ಲ ನೀರಲ್ಲಿ ಆಡ್ತಿರ್ತಾರೆ, ಹೊಸಬರು ಆಡೋ ನೊರೆ ಅಲೆಯೂ ಅದೇ ಜಾಗದಲ್ಲಿ ಇರೋದು. ಅಲ್ಲಿಗೆ ಗಟ್ಟಿ ಬೋರ್ಡ್ ತಗೊಂಡು ಕಲಿಯೋಕೆ ಇಳಿಯೋದು ನನ್ನ ಪ್ರಕಾರ ಸರಿಯಲ್ಲ, ಯಾರ ಮಗುಗೋ ತಗುಲಿದ್ರೆ ಏನ್ ಮಾಡೋದು.

ಎರಡನೇ ಕಾರಣ ಧೈರ್ಯ. ಬೋರ್ಡ್ ತಗುಲುತ್ತೆ ಅನ್ನೋ ಹೆದ್ರಿಕೆ ಇದ್ರೆ ಆಳು ಅರ್ಧ ಮನಸ್ಸಲ್ಲಿ ಏಳ್ತಾನೆ, ಅರ್ಧ ಎದ್ದು ಮಂಡಿ ಊರ್ತಾನೆ, ಅಲ್ಲಿಗೆ ಬಿದ್ದ ಅಂತಲೇ ಲೆಕ್ಕ. ಮೆತ್ತಗಿರೋದ್ರ ಮೇಲೆ ಮೊಣಕಾಲು ಪಕ್ಕೆಲುಬು ತರಚೋದೂ ಕಮ್ಮಿ, ಹಂಗಾಗಿ ಜಾಸ್ತಿ ಹೊತ್ತು ನೀರಲ್ಲಿರ್ತೀವಿ. ಮೂರನೇದು, ಕಾರಿನ ಮೇಲೆ ಕಟ್ಟಿ ಘಟ್ಟ ಹತ್ತಿ ಇಳಿಯೋವಾಗ, ಮನೇಲಿ ಗೋಡೆಗೆ ಒರಗಿಸಿದ್ದು ಜಾರಿ ಬಿದ್ದಾಗ ಗಟ್ಟಿ ಬೋರ್ಡಿಗೆ ಸುಮ್ನೆ ಒಂದು ಏಟು ಸಾಕು ಚಿಪ್ಪು ಒಡೆಯೋಕೆ, ಸಾಫ್ಟ್ ಟಾಪಿಗೆ ಏನೂ ಆಗಲ್ಲ. ನಾಲ್ಕನೇದು ರೇಟು, ಅಷ್ಟೇ ಉದ್ದದ ಗಟ್ಟಿ ಬೋರ್ಡಿಗಿಂತ ಸಾಮಾನ್ಯವಾಗಿ ಕಮ್ಮಿಗೆ ಸಿಗುತ್ತೆ.

ಸಾಫ್ಟ್ ಟಾಪಿನ ಕೊರತೆಗಳೂ ಹೇಳ್ತೀನಿ. ಅಂಚಿನ ಅಂಟು ಬಿಟ್ರೆ ನಿಧಾನಕ್ಕೆ ನೀರು ಕುಡಿಯುತ್ತೆ, ಕುಡಿದ ಮೇಲೆ ಭಾರ ಆಗುತ್ತೆ, ಒಣಗೋದು ಕಷ್ಟ. ಕೆಳಗಿನ ಹಾಳೆ ಬಿಸಿಲಿಗೆ ಉಬ್ಬಿ ಗುಳ್ಳೆ ಏಳುತ್ತೆ. ಒಡೆಯದ ಹಸಿರು ಅಲೆ ಮೇಲೆ ಪಕ್ಕಕ್ಕೆ ತಿರುಗಿಸ್ಕೊಂಡು ಹೋಗೋದು ಕಲಿತ ಮೇಲೆ ಇದರ ದಪ್ಪ ಅಂಚು ಅಷ್ಟು ಬೇಗ ಮಾತು ಕೇಳಲ್ಲ. ಆದ್ರೆ ಆ ಹಂತಕ್ಕೆ ಬರೋ ತನಕ ಈ ಕೊರತೆ ಯಾವುದೂ ನಿಮಗೆ ತಟ್ಟಲ್ಲ. ಇನ್ನೊಂದು ಎಚ್ಚರಿಕೆ, ತೀರಾ ಅಗ್ಗದ್ದು ಅಂತ ಸ್ಟ್ರಿಂಗರೇ ಇಲ್ಲದ ಬೋರ್ಡ್ ಬರುತ್ತೆ, ಅದು ಮಕ್ಕಳ ಆಟದ್ದು, ದೊಡ್ಡವರು ನಿಂತ್ರೆ ಮಧ್ಯದಲ್ಲಿ ಬಗ್ಗುತ್ತೆ. ಎರಡಾದ್ರೂ ಸ್ಟ್ರಿಂಗರ್ ಇದೆಯಾ ಅಂತ ಕೇಳಿ, ಕೆಳಗಡೆ ಹಾಳೆ ಗಟ್ಟಿಯಾಗಿದೆಯಾ ನೋಡಿ, ಫಿನ್ ಸ್ಕ್ರೂನಲ್ಲಿ ಬಿಗಿ ಮಾಡೋ ತರ ಇದೆಯಾ ನೋಡಿ.

ಗಟ್ಟಿ ಬೋರ್ಡೇ ಬೇಕು ಅನ್ನೋರಿಗೆ

ಯಾರಿಗೆ ಸರಿ ಅಂದ್ರೆ, ಕೆಲಸದ ಮೇಲೆ ಮಂಗಳೂರು ಉಡುಪಿಲಿ ಆರು ತಿಂಗಳು ವರ್ಷ ಇರೋರಿಗೆ, ಇಲ್ಲಾ ಸಾಫ್ಟ್ ಟಾಪಲ್ಲಿ ಹಸಿರು ಅಲೆ ಹಿಡಿಯೋಕೆ ಆಗ್ಲೇ ಬಂದಿರೋರಿಗೆ. ಅವರು ಮಿನಿ ಮಾಲ್ ಅನ್ನೋ ಆಕಾರ ನೋಡ್ಲಿ, ಅದನ್ನೇ ಫನ್‌ಬೋರ್ಡ್ ಅಂತಲೂ ಅಂತಾರೆ, ಏಳೂವರೆಯಿಂದ ಎಂಟೂವರೆ ಅಡಿ ಉದ್ದ, ದುಂಡು ಮೂತಿ, 22 ಇಂಚಿನ ಆಸುಪಾಸು ಅಗಲ. ಲಾಂಗ್‌ಬೋರ್ಡ್ ಅಂದ್ರೆ 9 ಅಡಿ ಮೇಲೆ, ಅಲೆ ಸಣ್ಣದಿರೋ ದಿನಕ್ಕೆ ಅದ್ಭುತ, ಆದ್ರೆ ಗಟ್ಟಿ ಚಿಪ್ಪಿನ 9 ಅಡಿ ಬೋರ್ಡನ್ನ ಹೊಸಬರು ನೊರೆ ಅಲೇಲಿ ಸಂಭಾಳಿಸೋದು ಕಷ್ಟ, ಸಾಗಿಸೋದು ಇನ್ನೂ ಕಷ್ಟ.

ಗಟ್ಟಿ ಬೋರ್ಡಲ್ಲಿ ಎರಡು ಜಾತಿ ಇದೆ. ಒಂದು ಪಿಯು, ಅಂದ್ರೆ ಪಾಲಿಯುರೆಥೇನ್ ಫೋಮಿನ ಮೇಲೆ ಪಾಲಿಯೆಸ್ಟರ್ ರೆಸಿನ್, ಇನ್ನೊಂದು ಥರ್ಮೋಕೋಲ್ ತರದ ಇಪಿಎಸ್ ಮೇಲೆ ಎಪಾಕ್ಸಿ ರೆಸಿನ್. ಎಪಾಕ್ಸಿದು ಹಗುರ, ಜಾಸ್ತಿ ತೇಲುತ್ತೆ, ಸಣ್ಣಪುಟ್ಟ ಏಟು ತಡ್ಕೊಳ್ಳುತ್ತೆ, ಆದ್ರೆ ತೂತಾದ್ರೆ ನೀರು ಬೇಗ ಎಳ್ಕೊಳ್ಳುತ್ತೆ. ಪಿಯುದು ಸ್ವಲ್ಪ ಭಾರ, ಗಾಳಿಗೆ ಕದಡಿದ ನೀರಲ್ಲಿ ಕಮ್ಮಿ ಕುಣಿಯುತ್ತೆ, ಹಿಮ್ಮಡಿ ಊರಿದ ಜಾಗದಲ್ಲಿ ತಗ್ಗು ಬೀಳುತ್ತೆ, ಬೀಳ್ಲಿ ಬಿಡಿ, ಅದೇನು ಕೆಟ್ಟಂಗಲ್ಲ. ಮೊದಲ ಗಟ್ಟಿ ಬೋರ್ಡಿಗೆ ನಾನಾದ್ರೆ ಎಪಾಕ್ಸಿ ಅಂತೀನಿ.

ಇಲ್ಲಿ ನಮ್ಮೂರ ಕಡೆಯವರು ಗೊತ್ತಿಟ್ಕೊಳ್ಳಲೇಬೇಕಾದ ಒಂದು ವಿಷಯ ಇದೆ. ಬೋರ್ಡ್ ಒಡೆದ್ರೆ ಹತ್ರದಲ್ಲಿ ರಿಪೇರಿ ಮಾಡೋರು ಅಂತ ಹುಡುಕಿದ್ರೆ ಸಿಗೋದು ಕಾರಿನ ಬಂಪರ್, ಫೈಬರ್ ಟ್ಯಾಂಕ್ ರಿಪೇರಿ ಮಾಡೋ ಅಂಗಡಿ. ಕೆಲಸ ಚೆನ್ನಾಗೇ ಮಾಡ್ತಾರೆ, ಆದ್ರೆ ಅವರ ಹತ್ರ ಸಾಮಾನ್ಯವಾಗಿ ಇರೋದು ಪಾಲಿಯೆಸ್ಟರ್ ರೆಸಿನ್, ಅದರಲ್ಲಿ ಸ್ಟೈರೀನ್ ಅನ್ನೋ ಕೆಮಿಕಲ್ ಇರುತ್ತೆ, ಅದು ಥರ್ಮೋಕೋಲನ್ನ ಕರಗಿಸ್ಬಿಡುತ್ತೆ. ಎಪಾಕ್ಸಿ ಬೋರ್ಡಿಗೆ ಅದನ್ನ ಹಾಕಿದ್ರೆ ರೂಪಾಯಿ ಅಗಲದ ತೂತು ಒಳಗಡೆ ಗುಹೆ ಆಗುತ್ತೆ. ಪಿಯು ಬೋರ್ಡಿಗೆ ಎರಡರಲ್ಲಿ ಯಾವ ರೆಸಿನ್ ಹಾಕಿದ್ರೂ ನಡೆಯುತ್ತೆ, ಇಪಿಎಸ್ ಬೋರ್ಡಿಗೆ ಎಪಾಕ್ಸಿ ಮಾತ್ರ. ಅಂಗಡಿಗೆ ಕೊಡೋ ಮುಂಚೆ ಬೋರ್ಡಿನ ಒಳಗೆ ಯಾವ ಫೋಮ್ ಇದೆ ಅಂತ ನಿಮಗೇ ಗೊತ್ತಿರ್ಬೇಕು, ಕೊಳ್ಳೋವಾಗಲೇ ಕೇಳಿ ಬರೆಸ್ಕೊಳ್ಳಿ. ಮತ್ತೆ ಒಡೆದ ಬೋರ್ಡನ್ನ ಪೂರ್ತಿ ಒಣಗಿಸದೆ ಮುಚ್ಚಿಸ್ಬೇಡಿ, ಒಳಗೆ ಸಿಕ್ಕ ನೀರು ಅಲ್ಲೇ ಉಳಿಯುತ್ತೆ.

7, 8, 9 ಅಡಿ

ಸಾಫ್ಟ್ ಟಾಪ್ ಅಂತ ನಿರ್ಧಾರ ಆಯ್ತು ಅಂದ್ಕೊಳ್ಳಿ. 7 ಅಡಿದು ಹೆಚ್ಚುಕಮ್ಮಿ 55-65 ಲೀಟರ್ ಇರುತ್ತೆ, ಹೈಸ್ಕೂಲ್ ಮಕ್ಕಳಿಗೆ, 50 ಕೆಜಿ ಒಳಗಿನವರಿಗೆ ಸರಿ. 8 ಅಡಿದು 75ರಿಂದ 85 ಲೀಟರ್ ಆಸುಪಾಸು, ಅಗಲ ಇಪ್ಪತ್ತೆರಡೂವರೆ ಇಂಚು, ದಪ್ಪ ಮೂರು ಇಂಚಿನ ಮೇಲೆ, ನಮ್ಮಲ್ಲಿ ಬಹಳ ಜನಕ್ಕೆ ಇದೇ. 9 ಅಡಿದು 90 ಲೀಟರಿನ ಆಚೀಚೆ, ದಪ್ಪ ಆಳಿಗೆ, ವಯಸ್ಸು ನಲವತ್ತೈದು ದಾಟಿ ಸೊಂಟ ನಿಧಾನಕ್ಕೆ ಏಳೋರಿಗೆ ಇದು ವರ, ಅಷ್ಟು ಸ್ಥಿರವಾಗಿರುತ್ತೆ. ಏಳು ಮತ್ತೆ ಎಂಟರ ಮಧ್ಯೆ ಒದ್ದಾಡ್ತಿದ್ರೆ ಎಂಟೇ ತಗೊಳ್ಳಿ. ಎಂಟು ಒಂಬತ್ತರ ಮಧ್ಯೆ ಆದ್ರೆ ಕಾರ್ ಯಾವುದು ಅನ್ನೋದ್ರ ಮೇಲೆ ಹೋಗಿ.

ಶಾರ್ಟ್‌ಬೋರ್ಡ್ ಯಾಕೆ ಬೇಡ ಅಂದ್ರೆ

ಆರಡಿ ಚೂಪು ಬೋರ್ಡ್, 19 ಇಂಚು ಅಗಲ, 28-30 ಲೀಟರ್. ಟೋಕಿಯೋ ಒಲಿಂಪಿಕ್ಸಲ್ಲಿ ಸರ್ಫಿಂಗ್ ಮೊದಲ ಸಲ ಬಂದಾಗ ಟಿವಿಲಿ ನೋಡಿದ್ದು ಇದನ್ನೇ, ಅದಕ್ಕೇ ಎಲ್ಲರಿಗೂ ಇದೇ ಕಣ್ಣಿಗೆ ಬೀಳೋದು. ಸಕಲೇಶಪುರದ ಕಡೆ ನನಗೆ ಪರಿಚಯದ ಹುಡುಗ ಒಬ್ಬ ಇದಾನೆ, ಗೋವಾದಲ್ಲಿ ಸೆಕೆಂಡ್ ಹ್ಯಾಂಡಲ್ಲಿ ಕಮ್ಮಿಗೆ ಸಿಕ್ತು, ಬಸ್ಸಿಗೂ ಸುಲಭ ಅಂತ ಇಂಥದ್ದೇ ಒಂದು ತಂದ, ಗಟ್ಟಿಮುಟ್ಟು ಆಳು, ಹೊಳೇಲಿ ಈಜಿ ಬೆಳೆದೋನು. ಒಂದಿಡೀ ಸೀಸನ್ ಅವನು ಅದರ ಮೇಲೆ ಎದ್ದು ನಿಲ್ಲೋಕೇ ಆಗ್ಲಿಲ್ಲ, ಅಲೆ ಹಿಡಿಯೋಕೇ ಆಗ್ತಿರ್ಲಿಲ್ಲ ಅಂದ್ಮೇಲೆ ನಿಲ್ಲೋದೆಲ್ಲಿ ಬಂತು. ಆಮೇಲೆ ಬಾಡಿಗೆ 8 ಅಡಿ ಸಾಫ್ಟ್ ಟಾಪ್ ಹಿಡಿದ ದಿನವೇ ನಿಂತ. ತೋಳಲ್ಲಿ ಶಕ್ತಿ ಇದ್ರೆ ಸಾಕು ಅನ್ನೋದು ಇಲ್ಲಿ ನಡೆಯಲ್ಲ. ಶಾರ್ಟ್‌ಬೋರ್ಡಿಗೆ ಕಡಿದಾದ, ಜೋರಾದ ಅಲೆ ಬೇಕು, ನಮ್ಮ ಕರಾವಳಿಲಿ ಮಳೆಗಾಲ ಬಿಟ್ಟು ಮಿಕ್ಕ ಟೈಮಲ್ಲಿ ಬಹಳ ಸಲ ಸಿಗೋದು ಮೊಣಕಾಲಿಂದ ಸೊಂಟದ ಎತ್ತರದ ಮೆತ್ತನೆ ಅಲೆ. ಫಿಶ್ ಅಂತ ಹಿಂದೆ ಮೀನಿನ ಬಾಲದ ತರ ಸೀಳಿರೋ ಗಿಡ್ಡ ಬೋರ್ಡ್ ಬರುತ್ತೆ, ಅದು ಶಾರ್ಟ್‌ಬೋರ್ಡಿಗಿಂತ ತೇಲುತ್ತೆ ನಿಜ, ಆದ್ರೂ ಎರಡನೇದೋ ಮೂರನೇದೋ ಬೋರ್ಡ್ ಆಗೋಕೆ ಲಾಯಕ್ಕು, ಮೊದಲನೇದಕ್ಕಲ್ಲ.

ಗಾಳಿ ತುಂಬೋದು, ಬೂಗಿ ಬೋರ್ಡು, ಮರದ್ದು

ಕಾರ್ ಇಲ್ಲದೋರು ಗಾಳಿ ತುಂಬೋ ಬೋರ್ಡ್ ನೋಡ್ತಾರೆ, ಬ್ಯಾಗಲ್ಲಿ ಸುತ್ತಿ ಬಸ್ಸಲ್ಲಿ ಹೋಗ್ಬಹುದಲ್ಲ ಅಂತ. ಮೂಲ್ಕಿಯ ಶಾಂಭವಿ ಹೊಳೆ ಹಿನ್ನೀರಲ್ಲಿ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕ್ಕೊಂಡು ಹೋಗೋಕೆ ಅದು ಬಹಳ ಚೆನ್ನಾಗಿದೆ, ಅಲೆಗೆ ಮಾತ್ರ ಸುಖ ಇಲ್ಲ, ಅಂಚು ದಪ್ಪ, ಅಲೆ ಮೇಲೆ ಬಗ್ಗುತ್ತೆ, ಗಾಳಿ ಬಂದ್ರೆ ಹಾರುತ್ತೆ. ಅದಕ್ಕಿಂತ ಬಸ್ಸಲ್ಲಿ ಹೋಗೋರಿಗೆ ಬೂಗಿ ಬೋರ್ಡ್ ಒಳ್ಳೇದು, 1971ರಲ್ಲಿ ಹವಾಯಿಲಿ ಟಾಮ್ ಮೋರಿ ಅನ್ನೋರು ಮಾಡಿದ್ದು, ಮೂರೂವರೆ ಅಡಿ ಫೋಮ್, ಹೊಟ್ಟೆ ಮೇಲೆ ಮಲಗಿ ಅಲೆ ಹಿಡಿಯೋದು. ನಿಲ್ಲೋದು ಕಲಿಯಲ್ಲ, ಆದ್ರೆ ಅಲೆ ಎಲ್ಲಿ ಒಡೆಯುತ್ತೆ, ಯಾವಾಗ ಹೊರಡ್ಬೇಕು ಅನ್ನೋದು ಮೈಗೆ ಹತ್ತುತ್ತೆ, ಮಕ್ಕಳಿಗಂತೂ ಇದೇ ಮೊದಲು ಕೊಡ್ಸಿ.

ಕಾಫಿ ತೋಟದೋರಿಗೆ ಖುಷಿ ಕೊಡೋ ವಿಷಯ ಒಂದಿದೆ. ಹವಾಯಿಯ ಹಳೇ ಅರಸು ಮನೆತನದವರು ಹತ್ತುತ್ತಿದ್ದ ಓಲೋ ಅನ್ನೋ ಉದ್ದನೆ ಹಲಗೆಗಳನ್ನ ವಿಲಿವಿಲಿ ಅನ್ನೋ ಹಗುರ ಮರದಲ್ಲಿ ಮಾಡ್ತಿದ್ರು, ಆ ವಿಲಿವಿಲಿ ನಮ್ಮ ತೋಟದ ನೆರಳಿಗೆ, ಮೆಣಸಿನ ಬಳ್ಳಿಗೆ ಹಾಕೋ ಹಾಲುವಾಣದ ಕುಲದ್ದೇ, ಎರಡೂ ಎರಿಥ್ರೈನಾ. ನನಗಂತೂ ಇದು ಗೊತ್ತಾದಾಗಿಂದ ಹಾಲುವಾಣ ಕಂಡಾಗೆಲ್ಲ ಒಂದ್ಸಲ ಎತ್ತರ ಸುತ್ತಳತೆ ನೋಡೋದು ಅಭ್ಯಾಸ ಆಗಿದೆ. ಹಂಗಂತ ಮರದ ಬೋರ್ಡಲ್ಲಿ ಕಲಿಯೋಕೆ ಹೋಗ್ಬೇಡಿ, ಡ್ಯೂಕ್ ಕಹಾನಮೋಕು 1930ರಲ್ಲಿ ಮಾಡ್ಕೊಂಡ 16 ಅಡಿ ಮರದ ಬೋರ್ಡ್ 52 ಕೆಜಿ ತೂಗ್ತಿತ್ತು.

ಸೆಕೆಂಡ್ ಹ್ಯಾಂಡ್ ಆದ್ರೆ

ತಗೊಳ್ಳಿ, ಏನೂ ತಪ್ಪಿಲ್ಲ, ಸರ್ಫ್ ಶಾಲೆಗಳು ಹಳೇ ಬೋರ್ಡ್ ಆಗಾಗ ಮಾರೋದುಂಟು, ಬೆಂಗಳೂರಿಂದ ಬಂದು ಒಂದು ವರ್ಷ ಆಡಿ ಬಿಟ್ಟೋರೂ ಮಾರ್ತಾರೆ. ಆದ್ರೆ ಕಣ್ಣಾರೆ ನೋಡದೆ ದುಡ್ಡು ಹಾಕ್ಬೇಡಿ. ಮೊದಲು ಎತ್ತಿ ನೋಡಿ, 8 ಅಡಿ ಸಾಫ್ಟ್ ಟಾಪ್ ಐದಾರು ಕೆಜಿ, ಹೆಚ್ಚಂದ್ರೆ ಏಳೆಂಟು ಇರ್ಬೇಕು, ಅದಕ್ಕಿಂತ ಭಾರ ಅನ್ಸಿದ್ರೆ ನೀರು ಕುಡಿದಿದೆ. ಬಾಲದ ಕಡೆ ಕೆಳಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿ, ಫಿನ್ ತೂತಿಂದಲೋ ಅಂಚಿಂದಲೋ ನೀರು ತೊಟ್ಟಿಕ್ಕುತ್ತಾ ನೋಡಿ. ಎರಡು ಕುರ್ಚಿ ಮೇಲೆ ತುದಿ ಇಟ್ಟು ಮಧ್ಯದಲ್ಲಿ ಅಂಗೈಯಿಂದ ಮೆತ್ತಗೆ ಒತ್ತಿ, ಲಟಕ್ ಅಂತ ಸದ್ದು ಬಂದ್ರೆ ಅಥವಾ ಒಂದೇ ಜಾಗದಲ್ಲಿ ಬಗ್ಗಿದ್ರೆ ಒಳಗೆ ಸ್ಟ್ರಿಂಗರ್ ಮುರಿದಿದೆ, ಅಂಥದ್ದು ಬಿಟ್ಟಿ ಕೊಟ್ರೂ ಬೇಡ. ಕೆಳಗಿನ ಹಾಳೆಯ ಅಂಚು ಉಗುರಲ್ಲಿ ಎತ್ತಿದ್ರೆ ಎದ್ದು ಬರ್ಬಾರ್ದು. ಗಟ್ಟಿ ಬೋರ್ಡಾದ್ರೆ ಫಿನ್ ಕೂರೋ ಜಾಗದ ಸುತ್ತ ಬಿರುಕು, ಉದ್ದಕ್ಕೆ ಅಡ್ಡ ಬಿದ್ದ ಮಡಿಕೆ ಗೆರೆ, ಒತ್ತಿದಾಗ ಚಿಪ್ಪು ಒಳಗಿಂದ ಬಿಟ್ಕೊಂಡು ಆಡೋ ಜಾಗ, ಇವು ಮೂರು ನೋಡಿ. ಹಳದಿ ಆಗಿರೋದಕ್ಕೆ ಹೆದರ್ಬೇಡಿ, ಪಿಯು ಬೋರ್ಡ್ ಬಿಸಿಲಿಗೆ ಹಳದಿ ಆಗೇ ಆಗುತ್ತೆ, ಕಂದು ಕಲೆ ಇದ್ರೆ ಮಾತ್ರ ನೀರು ನುಗ್ಗಿದೆ ಅಂತ ತಿಳ್ಕೊಳ್ಳಿ.

ಜೊತೆಗೆ ಬೇಕಾಗೋದು

ಲೀಶ್ ಬೋರ್ಡಷ್ಟೇ ಉದ್ದ ಇರ್ಬೇಕು, 8 ಅಡಿಗೆ 8 ಅಡಿ, ಹಿಂದಿನ ಕಾಲಿಗೆ ಕಟ್ಟೋದು. ಇದರಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ, ದಡದಿಂದ ದೂರದಲ್ಲಿ ಲೀಶ್ ಕಿತ್ತು ಬೋರ್ಡ್ ಹೋದ್ರೆ ಈಜ್ಕೊಂಡೇ ವಾಪಸ್ ಬರ್ಬೇಕು, ಆ ಬೋರ್ಡ್ ಯಾರ ಮೇಲೆ ಹೋಗುತ್ತೋ ಗೊತ್ತಿಲ್ಲ. ಹಗ್ಗದಲ್ಲಿ ಬಿರುಕು, ಬೆಲ್ಟಿನ ಅಂಟು ಸಡಿಲ ಆಗಿದ್ರೆ ಬದಲಾಯಿಸಿ. ಫಿನ್ ಮೂರು ಇರೋ ಸೆಟ್ ಸಾಕು, ಗಟ್ಟಿ ಬೋರ್ಡ್ ತಗೊಳ್ಳೋರು ಮಾತ್ರ ಎಫ್‌ಸಿಎಸ್ಸಾ ಫ್ಯೂಚರ್ಸಾ ಅಂತ ಕೇಳಿ, ಎರಡರ ಕೂರೋ ಜಾಗ ಬೇರೆ ಬೇರೆ, ಒಂದರ ಫಿನ್ ಇನ್ನೊಂದಕ್ಕೆ ಕೂರಲ್ಲ. ಕಾಲು ಜಾರದ ಹಂಗೆ ಬೋರ್ಡಿನ ಮೇಲೆ ಹಚ್ಚೋ ವ್ಯಾಕ್ಸ್ ತಗೊಂಡ್ರೆ ಟ್ರಾಪಿಕಲ್ ಅಂತ ಬರೆದಿರೋದೇ ತಗೊಳ್ಳಿ, ನಮ್ಮ ನೀರು ಬೆಚ್ಚಗೆ, ತಣ್ಣೀರಿನ ವ್ಯಾಕ್ಸ್ ಹಚ್ಚಿದ್ರೆ ಕರಗಿ ಜಾರುತ್ತೆ. ಉದ್ದ ತೋಳಿನ ಬಿಗಿ ಟಿ ಶರ್ಟ್ ಹಾಕ್ಕೊಳ್ಳಿ, ಬಿಸಿಲಿಗೂ ಆಯ್ತು, ಎದೆ ತರಚೋದಕ್ಕೂ ಆಯ್ತು.

ಸಾಗಿಸೋದು, ಮನೇಲಿ ಇಡೋದು

ಸಣ್ಣ ಕಾರಿನ ಒಳಗೆ 8 ಅಡಿ ಹೋಗಲ್ಲ, ಮೇಲೆನೇ ಕಟ್ಬೇಕು. ಕ್ಯಾರಿಯರ್ ಇಲ್ಲಾಂದ್ರೆ ಬಾಗಿಲ ಒಳಗಿಂದ ಕಟ್ಟೋ ಮೆತ್ತನೆ ರ‍್ಯಾಕ್ ಬರುತ್ತೆ, ಅದು ನಡೆಯುತ್ತೆ. ಬೋರ್ಡ್ ಬೋರಲು ಹಾಕಿ, ಬಾಲ ಮುಂದೆ ಫಿನ್ ಮೇಲೆ ಬರೋ ಹಂಗೆ ಇಟ್ಟು, ಅಗಲ ಪಟ್ಟಿಯಲ್ಲಿ ಕಟ್ಟಿ, ಲಗೇಜ್ ಹಗ್ಗದಲ್ಲಿ ಬಿಗಿದ್ರೆ ಫೋಮಲ್ಲಿ ಗಾಯ ಆಗುತ್ತೆ. ಪಟ್ಟಿಗೆ ಒಂದೆರಡು ತಿರುಚು ಕೊಟ್ರೆ ಗಾಳಿಗೆ ಹಮ್ ಅನ್ನೋ ಸದ್ದು ಬರಲ್ಲ. ಶಿರಾಡಿ ತಿರುವುಗಳಲ್ಲಿ ಪಟ್ಟಿ ಸಡಿಲ ಆಗೇ ಆಗುತ್ತೆ, ಗುಂಡ್ಯದಲ್ಲಿ ಒಂದ್ಸಲ ನಿಲ್ಲಿಸಿ ನೋಡಿ, ಚಾರ್ಮಾಡಿ ಕಡೆಯಿಂದ ಹೋಗೋರು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ನಿಂತಾಗ ಒಂದ್ಸಲ, ಉಜಿರೆಲಿ ಒಂದ್ಸಲ ನೋಡಿ. ರೈಲಲ್ಲಿ ಆದ್ರೆ ಇಷ್ಟುದ್ದದ್ದು ಬೋಗಿ ಒಳಗೆ ತರೋಕೆ ಬಿಡಲ್ಲ, ಬ್ರೇಕ್ ವ್ಯಾನಲ್ಲಿ, ಅಂದ್ರೆ ಲಗೇಜಿನ ಬೋಗಿಲಿ, ಬುಕ್ ಮಾಡ್ಬೇಕು, ಗಟ್ಟಿ ಬೋರ್ಡನ್ನ ಹಂಗೆ ಕಳಿಸೋ ಧೈರ್ಯ ನನಗಿಲ್ಲ.

ನಿಮಗೆ ಪರಿಚಯ ಆದ ಸರ್ಫ್ ಶಾಲೆ ಇದ್ರೆ, ಅಲ್ಲೇ ಬೋರ್ಡ್ ಇಟ್ಟುಹೋಗ್ಬಹುದಾ ಅಂತ ಕೇಳಿ ನೋಡಿ, ಒಪ್ಪಿದ್ರೆ ಅರ್ಧ ಕಷ್ಟ ಅಲ್ಲೇ ಕಳೀತು, ಆಗ 9 ಅಡಿದೂ ಧೈರ್ಯವಾಗಿ ತಗೋಬಹುದು.

ಮನೇಲಿ ಇಡೋದಾದ್ರೆ ಬಿಸಿಲು ಬೀಳೋ ಜಾಗ ಬೇಡ, ಶೀಟಿನ ಮನೆ ಅಟ್ಟ ಬೇಡ, ಕಾಫಿ ಕಣದಲ್ಲಿ ಒಣಗಲಿ ಅಂತ ಹಾಕೋದಂತೂ ಬೇಡವೇ ಬೇಡ, ಗಾಜು ಮುಚ್ಚಿದ ಕಾರಲ್ಲಿ ಮಧ್ಯಾಹ್ನ ಬಿಟ್ರೂ ಹೊದಿಕೆ ಬಿಟ್ಕೊಳ್ಳುತ್ತೆ. ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪಕ್ಕಕ್ಕೆ ಮಲಗಿಸಿ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬ್ಯಾಗೊಳಗೆ ಹಾಕಿಟ್ರೆ ಬೂಷ್ಟು ಹಿಡಿಯುತ್ತೆ, ತೋಟದ ಮನೆಗಳಲ್ಲಿ ಇಲಿ ಬೇರೆ ಫೋಮ್ ಕಡಿದು ಹಾಕುತ್ತೆ, ಅದಕ್ಕೆ ನೆಲದಿಂದ ಎತ್ತರದಲ್ಲಿ, ಗೋಡೆಗೆ ಎರಡು ಮರದ ಗೂಟ ಹೊಡೆದು ಹಳೇ ಬಟ್ಟೆ ಸುತ್ತಿ ಅದರ ಮೇಲಿಡಿ.

ಯಾವಾಗ ತಗೊಳ್ಳೋದು ಅಂದ್ರೆ ಮಳೆಗಾಲ ಕಳೆದ ಮೇಲೆ. ಜೂನ್ ಜುಲೈಲಿ ಮೀನುಗಾರಿಕೆ ದೋಣಿಗಳೇ ನಿಷೇಧದಲ್ಲಿ ದಡದಲ್ಲಿರ್ತವೆ, ಆ ಕಡಲು ಹೊಸಬರದ್ದಲ್ಲ, ಶಿರಾಡಿಲೂ ಗುಡ್ಡ ಕುಸಿಯೋ ಕಾಲ ಅದು. ಅಕ್ಟೋಬರಿಂದ ಮಾರ್ಚ್ ತನಕ ಅಲೆ ಸಣ್ಣದಾಗಿ ಸೌಮ್ಯವಾಗಿರುತ್ತೆ, ಬೆಳಿಗ್ಗೆ ಗಾಳಿ ಏಳೋಕೆ ಮುಂಚೆ ನೀರು ನುಣ್ಣಗಿರುತ್ತೆ, ಹಿಂದಿನ ರಾತ್ರಿನೇ ಇಳಿದು ಅಲ್ಲೇ ಉಳ್ಕೊಂಡ್ರೆ ಆ ಹೊತ್ತು ಸಿಗುತ್ತೆ, ಬೆಳಿಗ್ಗೆ ಹಾಸನ ಬಿಟ್ಟು ಹೋದ್ರೆ ಸಿಗೋದು ಮಧ್ಯಾಹ್ನದ ಕದಡಿದ ನೀರು. ಸಸಿಹಿತ್ಲಲ್ಲಿ ಶಾಂಭವಿ, ನಂದಿನಿ ಎರಡೂ ಹೊಳೆ ಸಮುದ್ರ ಸೇರೋ ಜಾಗ ಇದೆ, ಇಳಿತದ ಹೊತ್ತಲ್ಲಿ ಅಳಿವೆ ಬಾಯಿ ಹತ್ರ ಸೆಳೆತ ಜೋರಿರುತ್ತೆ, ಅಲ್ಲಿನವರನ್ನ ಕೇಳದೆ ಇಳೀಬೇಡಿ. ಬೋರ್ಡ್ ಎಷ್ಟೇ ತೇಲ್ಲಿ, ಈಜು ಬರದೋರು ಮೊದಲು ಊರಲ್ಲೇ ಈಜುಕೊಳಕ್ಕೆ ಸೇರಿ ಕಲೀರಿ, ಬೋರ್ಡಿನ ದುಡ್ಡು ಆಮೇಲೆ ಹೊಂದಿಸಬಹುದು.

ಇಬ್ಬರು ಸೇರಿ ಒಂದೇ ಬೋರ್ಡ್ ತಗೊಳ್ಳೋ ಯೋಚನೆ ಇದ್ರೆ, ಗಂಡ ಹೆಂಡತಿ ಆಗ್ಲಿ, ಅಣ್ಣ ತಮ್ಮ ಆಗ್ಲಿ, ತೂಕ ಜಾಸ್ತಿ ಇರೋರ ಲೆಕ್ಕಕ್ಕೆ ತಗೊಳ್ಳಿ. ಹಗುರ ಇರೋರಿಗೆ ದೊಡ್ಡ ಬೋರ್ಡ್ ತಿರುಗಿಸೋದು ಸ್ವಲ್ಪ ನಿಧಾನ ಆಗುತ್ತೆ ಅಷ್ಟೇ, ಭಾರ ಇರೋರಿಗೆ ಚಿಕ್ಕ ಬೋರ್ಡ್ ಏನ್ ಮಾಡಿದ್ರೂ ಆಗಲ್ಲ. 8 ಅಡಿಗೆ ಎರಡು ಲೀಶ್ ಬೇಡ, ಒಂದೇ ಸಾಕು, ಒಬ್ಬರು ನೀರಲ್ಲಿದ್ದಾಗ ಇನ್ನೊಬ್ಬರು ದಡದಲ್ಲಿ ನಿಂತು ಅವರ ಮೇಲೇ ಕಣ್ಣಿಟ್ಟಿರಿ.